ಖನಿಜ ಮೇಲ್ಮೈ ರಸಾಯನದಲ್ಲಿ ಸಂಶೋಧನೆ: ಕಲಬುರಗಿ, ಬೀದರ್, ಯಾದಗಿರಿಯಿಂದ ಶುರು ಮಾಡುವುದು ಹೇಗೆ

ಬೀದರ್‌ನ ಕೆಂಪು ಜಂಬಿಟ್ಟಿಗೆ, ಶಹಾಬಾದ್-ಸೇಡಂ ಕಡೆಯ ಸುಣ್ಣದ ಕಲ್ಲು, ತೊಗರಿ ಬೆಳೆಯುವ ಎರೆಮಣ್ಣು. ನೀರಿನಲ್ಲಿರುವ ಅಯಾನುಗಳು ಖನಿಜದ ಮೈಗೆ ಅಂಟುವ, ಬಿಟ್ಟುಹೋಗುವ ಬಗೆಯನ್ನು ಓದುವುದೇ ಖನಿಜ ಮೇಲ್ಮೈ ರಸಾಯನ. ಅದರ ಪಠ್ಯದಲ್ಲಿ ಬರುವ ಮೂರು ಮುಖ್ಯ ಬಗೆಯ ಮೇಲ್ಮೈಗಳು ಈ ಭಾಗದ ನೆಲದಲ್ಲೇ ಇವೆ. ಜಂಬಿಟ್ಟಿಗೆ ಅಂದರೆ ಲ್ಯಾಟರೈಟ್. ಅದರಲ್ಲಿ ಗೋಥೈಟ್, ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡುಗಳು, ಗಿಬ್ಸೈಟ್ ಎಂಬ ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಕೆಯೊಲಿನೈಟ್ ಎಂಬ ಜೇಡಿ ಇರುತ್ತವೆ. ಪಿಎಚ್ ಬದಲಾದಂತೆ ಇವುಗಳ ಮೇಲ್ಮೈಯ ವಿದ್ಯುದಾವೇಶವೂ ಬದಲಾಗುತ್ತದೆ. ಎರೆಮಣ್ಣಿನ ಸ್ಮೆಕ್ಟೈಟ್ ಜೇಡಿಯ ಪದರಗಳಲ್ಲಿ ಪಿಎಚ್ ಏನೇ ಇದ್ದರೂ ಹೋಗದ ಋಣ ಆವೇಶವಿದೆ. ಮನೆ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯ ಕ್ಯಾಲ್ಸೈಟ್ ನೀರಿಗೆ ಬಿದ್ದ ಕೂಡಲೇ ಕರಗುತ್ತಲೂ ಮತ್ತೆ ಕೂಡುತ್ತಲೂ ಇರುತ್ತದೆ.

ಎಂ.ಎಸ್ಸಿ. ಮುಗಿಸಿದವರು ಸಾಮಾನ್ಯವಾಗಿ ಮೊದಲು ಫೆಲೋಶಿಪ್ ಹುಡುಕುತ್ತಾರೆ, ಆಮೇಲೆ ಗೈಡ್, ಕಟ್ಟಕಡೆಗೆ ವಿಷಯ. ಈ ಕ್ಷೇತ್ರದ ಮಟ್ಟಿಗೆ ಅದನ್ನು ತಿರುಗಿಸಿ. ಮೊದಲು ಒಂದು ಪ್ರಶ್ನೆ, ಅದಕ್ಕೆ ಸಾಧಾರಣ ಲ್ಯಾಬಿನಲ್ಲಿ ಅಳೆದ ಚೊಕ್ಕ ಅಂಕಿಗಳು, ಅವನ್ನು ಹಿಡಿದುಕೊಂಡು ಗೈಡ್, ಉಪಕರಣ, ಹಣ. ಪಿಎಚ್ ಮೀಟರ್, ಶೇಕರ್, ಸೆಂಟ್ರಿಫ್ಯೂಜ್, ಫ್ಲೋರೈಡ್ ಎಲೆಕ್ಟ್ರೋಡ್ ಇಷ್ಟಿದ್ದರೆ ಮೊದಲ ಹೆಜ್ಜೆ ಇಡಬಹುದು. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಇಲ್ಲವೇ ನಿಮ್ಮದೇ ಪದವಿ ಕಾಲೇಜು, ಎಲ್ಲಿದ್ದರೂ ಸರಿ.

ಯಾವ ಪ್ರಶ್ನೆ ಹಿಡಿಯಬೇಕು

"ಇಂಥ ಮಣ್ಣು ಫ್ಲೋರೈಡನ್ನು ಶೇ. 90ರಷ್ಟು ತೆಗೆಯಿತು" ಎನ್ನುವ ಪ್ರಬಂಧಗಳು ಈಗಾಗಲೇ ರಾಶಿ ಬಿದ್ದಿವೆ. ಇನ್ನೊಂದು ಬರೆದರೆ ಯಾರಿಗೂ ಉಪಯೋಗವಿಲ್ಲ, ನಿಮಗೂ ಇಲ್ಲ. ಯಾವ ಖನಿಜದ ಯಾವ ತಾಣದಲ್ಲಿ, ಅಂದರೆ ಮೇಲ್ಮೈಯ ಯಾವ ಜಾಗದಲ್ಲಿ, ಅಂಟಿತು, ಯಾವುದು ಅದಕ್ಕೆ ಅಡ್ಡ ಬಂತು, ಯಾವ ಪಿಎಚ್‌ನಲ್ಲಿ ಬಿಟ್ಟುಕೊಟ್ಟಿತು ಎಂಬುದನ್ನು ಕೇಳಿ. ಈ ಭಾಗಕ್ಕೆ ಹೊಂದುವ ಕೆಲವು ಪ್ರಶ್ನೆಗಳಿವು.

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅದು ಲೀಟರಿಗೆ 1.0 ಮಿ.ಗ್ರಾಂ ಮೀರಬಾರದು; ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಲ್ಯಾಟರೈಟ್ ಫ್ಲೋರೈಡನ್ನು ಹಿಡಿಯುತ್ತದೆ ಎಂಬುದು ಗೊತ್ತಿರುವ ಮಾತು. ಇಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು, ಪಿಎಚ್ 7ರಿಂದ 8.5. ಆ ಸ್ಥಿತಿಯಲ್ಲಿ ಅದೇ ತಾಣಕ್ಕಾಗಿ ಬೈಕಾರ್ಬೊನೇಟ್ ಎಷ್ಟು ಪೈಪೋಟಿ ಕೊಡುತ್ತದೆ? ಹಿಡಿಯುವುದು ಗಿಬ್ಸೈಟೋ ಗೋಥೈಟೋ? ಒಂದು ಎಂ.ಎಸ್ಸಿ. ಪ್ರಾಜೆಕ್ಟ್ ಮತ್ತು ಪಿಎಚ್‌.ಡಿ.ಯ ಮೊದಲ ಅಧ್ಯಾಯಕ್ಕೆ ಇಷ್ಟು ಸಾಕು.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಆರ್ಸೆನಿಕ್ ಸಮಸ್ಯೆ ಹಳೆಯ ಚಿನ್ನದ ಗಣಿಯ ಮಂಗಳೂರು ಶಿಲಾಪಟ್ಟಿಗೆ ಸಂಬಂಧಿಸಿದ್ದು (ಇದು ಕರಾವಳಿಯ ಮಂಗಳೂರಲ್ಲ). ಅಲ್ಲಿ ಕೇಳಬೇಕಾದದ್ದು ಎರಡು ಮಾತು: ಗಂಧಕಯುಕ್ತ ಖನಿಜ ಸವೆದಾಗ ಬಿಡುಗಡೆಯಾಗುವ ಆರ್ಸೆನಿಕ್ ಎಷ್ಟರಮಟ್ಟಿಗೆ ಕಬ್ಬಿಣದ ಆಕ್ಸೈಡಿನ ಮೇಲೆ ನಿಲ್ಲುತ್ತದೆ, ಯಾವಾಗ ಮತ್ತೆ ನೀರಿಗೆ ಇಳಿಯುತ್ತದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ, ಭೀಮಾ ಜಲಾನಯನದ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟಿನಲ್ಲಿ. ಸುಣ್ಣಕಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ, ಯುರೇನೈಲ್, ಕಾರ್ಬೊನೇಟ್ ಮೂರೂ ಸೇರಿ ಒಂದೇ ಸಂಕೀರ್ಣವಾಗುತ್ತವೆ. ಆ ರೂಪದಲ್ಲಿ ಯುರೇನಿಯಂ ಕಬ್ಬಿಣದ ಆಕ್ಸೈಡಿಗೆ ಅಂಟುವುದು ಬಹಳ ಕಡಿಮೆಯಾಗುತ್ತದೆ. ವಿಷಯ ಬಲವಾದದ್ದು. ಆದರೆ ಯುರೇನಿಯಂ ಲವಣ ಇಟ್ಟುಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳು ಅನ್ವಯಿಸುತ್ತವೆ. ಹಾಗಾಗಿ ಪರವಾನಗಿ ಇರುವ ಲ್ಯಾಬಿನ ಜೊತೆಗೂಡಿ ಮಾತ್ರ ಮಾಡಿ. ಒಂಟಿಯಾಗಿ ಶುರು ಮಾಡುವ ಕೆಲಸ ಇದಲ್ಲ.

ಎರೆಮಣ್ಣಿನಲ್ಲಿ ರಂಜಕ ಮತ್ತು ಸತು ಬೆಳೆಗೆ ಸಿಗದೆ ಉಳಿಯುವುದು ರೈತರಿಗೂ ಕೃಷಿ ಇಲಾಖೆಗೂ ಗೊತ್ತಿರುವ ತೊಂದರೆ. ಕ್ಯಾಲ್ಸೈಟ್ ಕಣದ ಮೇಲೆ ಕೂತ ಸತುವೆಷ್ಟು, ಜೇಡಿಯ ಪದರದ ನಡುವೆ ಹೋದದ್ದೆಷ್ಟು ಎಂದು ಬೇರೆ ಮಾಡಿ ತೋರಿಸಿದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು ಜೊತೆಗೂಡುವ ಸಾಧ್ಯತೆ ಚೆನ್ನಾಗಿದೆ. ವಾಡಿ, ಸೇಡಂ, ಮಳಖೇಡ ಕಡೆಯ ಸಿಮೆಂಟ್ ಉದ್ಯಮಕ್ಕೆ ಸುಣ್ಣಕಲ್ಲಿನೊಳಗಿನ ಜೇಡಿ, ಅರೆಯುವಾಗ ಹಾಕುವ ಸಹಾಯಕ ರಾಸಾಯನಿಕ, ಸುಟ್ಟ ಜೇಡಿ ಬೆರೆಸಿದ ಸಿಮೆಂಟ್ ಇವೆಲ್ಲ ಮೇಲ್ಮೈ ಪ್ರಶ್ನೆಗಳೇ.

ಬಿದರಿಯನ್ನೂ ಮರೆಯಬೇಡಿ. ಹೆಚ್ಚು ಸತು, ಸ್ವಲ್ಪ ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಮಣ್ಣಿನಲ್ಲಿರುವ ಲವಣ ಎಷ್ಟು ಕೆಲಸ ಮಾಡುತ್ತದೆ, ಮಣ್ಣಿನ ಕಣಗಳ ಮೇಲ್ಮೈ ಎಷ್ಟು ಎಂದು ಬಿಡಿಸಿ ನೋಡುವುದು ಚಿಕ್ಕದಾದರೂ ಸುಂದರವಾದ ಪ್ರಾಜೆಕ್ಟ್. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ನೀವಾಗಿ ಅಗೆಯುವಂತಿಲ್ಲ. ಕುಶಲಕರ್ಮಿಗಳ ಬಳಿ ಇರುವ ಮಣ್ಣಿನಿಂದ 50 ಗ್ರಾಂ ಕೇಳಿ ಪಡೆಯಿರಿ, ಪ್ರಬಂಧದಲ್ಲಿ ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಿಸಿ.

ಮಾದರಿ ತರುವುದು, ಹದ ಮಾಡುವುದು

ಲ್ಯಾಟರೈಟನ್ನು ರಸ್ತೆ ಕಡಿತದಲ್ಲೋ ಇಟ್ಟಿಗೆ ಕಲ್ಲು ಕಡಿಯುವ ಕ್ವಾರಿಯಲ್ಲೋ ಮಾಲೀಕರ ಒಪ್ಪಿಗೆ ಪಡೆದು ತೆಗೆಯಿರಿ. ಮೇಲಿನ 30 ಸೆಂ.ಮೀ. ಬಿಟ್ಟು ಒಳಗಿನಿಂದ 2 ಕೆ.ಜಿ. ಸಾಕು. ಜಿಪಿಎಸ್ ಅಂಕಿ, ಆಳ, ಬಣ್ಣ, ಫೋಟೋ ಎಲ್ಲವನ್ನೂ ಆ ಜಾಗದಲ್ಲೇ ಬರೆದುಕೊಳ್ಳಿ. ಒಂದೇ ಗೋಡೆಯಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ, ಅದರಡಿ ಬೂದು ಬಿಳುಪು ಜೇಡಿ ಕಾಣುತ್ತವೆ. ಅವು ಮೂರು ಬೇರೆ ಖನಿಜ ಮಿಶ್ರಣಗಳು. ಒಂದೇ ಚೀಲಕ್ಕೆ ಹಾಕಿದರೆ ಪ್ರಶ್ನೆಯೇ ಕೆಟ್ಟಿತು.

ನೆರಳಲ್ಲಿ ಒಣಗಿಸಿ, ಇಲ್ಲವೇ ಓವನ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್‌ಗೆ ಮೀರದಂತೆ. ರೂಢಿಯಂತೆ 105 ಡಿಗ್ರಿಗೆ ಇಟ್ಟರೆ ಜಲಯುಕ್ತ ಆಕ್ಸೈಡುಗಳ ಮೇಲ್ಮೈ ಬದಲಾಗಬಹುದು. ತೇವಾಂಶ ಲೆಕ್ಕಕ್ಕೆ ಬೇರೆ 5 ಗ್ರಾಂ ತೆಗೆದು 105 ಡಿಗ್ರಿಗೆ ಇಡಿ. ಅರೆಯಲು ಅಗೇಟ್ ಒರಳು ಬಳಸಿ. ಉಕ್ಕಿನ ಗ್ರೈಂಡರ್ ಹೊಸ ಕಬ್ಬಿಣ ಸೇರಿಸುತ್ತದೆ. 75 ಮೈಕ್ರೋಮೀಟರ್ ಜರಡಿಯಲ್ಲಿ ಹಾಯಿಸಿ, ರಾಶಿ ಮಾಡಿ ನಾಲ್ಕು ಪಾಲು ಮಾಡುವ ಕ್ರಮದಲ್ಲಿ ಕುಗ್ಗಿಸುತ್ತಾ ಬಂದು 200 ಗ್ರಾಂ ಒಂದೇ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಪಿಎಚ್‌.ಡಿ. ಮುಗಿಯುವವರೆಗೂ ಆ ಡಬ್ಬಿಯೇ ನಿಮ್ಮ ಬಂಡವಾಳ. ಎರಡನೇ ವರ್ಷ ಹೊಸ ಮಣ್ಣು ತಂದರೆ ಮೊದಲ ವರ್ಷದ ಅಂಕಿಗಳ ಪಕ್ಕ ಅದನ್ನು ಇಡಲಾಗದು.

ಬೋರ್‌ವೆಲ್ ನೀರಿಗೆ ಪಂಪನ್ನು 5ರಿಂದ 10 ನಿಮಿಷ ಓಡಿಸಿ ಆಮೇಲೆ ಹಿಡಿಯಿರಿ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ, ಆಮ್ಲ ಬೇಡ. ಆರ್ಸೆನಿಕ್‌ಗೆ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಪಿಎಚ್ ಅಲ್ಲೇ ನೋಡಿ, ಕ್ಷಾರತೆ ಅದೇ ದಿನ ಅಳೆಯಿರಿ.

ಮಣ್ಣಿನ ಪಕ್ಕದಲ್ಲಿ ಒಂದು ಶುದ್ಧ ಖನಿಜವೂ ಇರಬೇಕು. ಗೋಥೈಟನ್ನು ನೀವೇ ಮಾಡಬಹುದು: 1 ಮೋಲಾರ್ ಫೆರಿಕ್ ನೈಟ್ರೇಟ್ 100 ಮಿ.ಲೀ.ಗೆ 5 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 180 ಮಿ.ಲೀ. ಕಲಕುತ್ತಾ ಬೇಗ ಸುರಿಯಿರಿ. ಕೆಂಗಂದು ಗಸಿ ಬರುತ್ತದೆ. ಕೂಡಲೇ ಒಟ್ಟು 2 ಲೀಟರ್ ಆಗುವಷ್ಟು ನೀರು ಸೇರಿಸಿ, ಮುಚ್ಚಿದ ಪಾಲಿಥೀನ್ ಬಾಟಲಿಯಲ್ಲಿ 70 ಡಿಗ್ರಿಯಲ್ಲಿ 60 ಗಂಟೆ ಇಡಿ. ಗಸಿ ಹಳದಿ ಕಂದು ಬಣ್ಣಕ್ಕೆ ತಿರುಗಬೇಕು. ಕೆಂಪು ಛಾಯೆ ಉಳಿದಿದ್ದರೆ ಪರಿವರ್ತನೆ ಪೂರ್ತಿಯಾಗಿಲ್ಲ. ನಡುವೆ ಕರೆಂಟ್ ಹೋಗಿ ಓವನ್ ತಣ್ಣಗಾದದ್ದು ಇದಕ್ಕೆ ಸಾಮಾನ್ಯ ಕಾರಣ. ಗಾಜಿನ ಪಾತ್ರೆ ಬೇಡವೇ ಬೇಡ. ಬಿಸಿ ಕ್ಷಾರ ಗಾಜನ್ನು ಕರಗಿಸಿ ಸಿಲಿಕ ಎಬ್ಬಿಸುತ್ತದೆ, ಆ ಸಿಲಿಕ ಗೋಥೈಟಿನ ತಾಣಗಳಲ್ಲಿ ಕೂತುಬಿಡುತ್ತದೆ. ಜೇಡಿ ಬೇಕಿದ್ದರೆ ಅಮೆರಿಕದ ಕ್ಲೇ ಮಿನರಲ್ಸ್ ಸೊಸೈಟಿಯ ಸಂಗ್ರಹದಿಂದ ಪ್ರಮಾಣಿತ ಮಾದರಿ ಕೊಳ್ಳಬಹುದು. ಜಗತ್ತಿನ ಬೇರೆ ಲ್ಯಾಬುಗಳ ಅಂಕಿಗಳ ಜೊತೆ ಹೋಲಿಸಿ ನೋಡಲು ಅದೇ ಒಳ್ಳೆಯ ದಾರಿ.

ಮೊದಲ ಅಳತೆ: ಶೂನ್ಯ ಆವೇಶದ ಪಿಎಚ್

ಮೇಲ್ಮೈಯ ಧನ, ಋಣ ಆವೇಶಗಳು ಸರಿಸಮವಾಗುವ ಪಿಎಚ್ ಇದು. 0.01 ಮೋಲಾರ್ ಸೋಡಿಯಂ ಕ್ಲೋರೈಡ್ 40 ಮಿ.ಲೀ.ನಂತೆ ಒಂಬತ್ತು ಬಾಟಲಿಗಳಿಗೆ ಹಾಕಿ, 3ರಿಂದ 11ರವರೆಗೆ ಒಂದೊಂದಕ್ಕೂ ಬೇರೆ ಪಿಎಚ್ ಹೊಂದಿಸಿ. ನೀರನ್ನು ಮೊದಲೇ ಕುದಿಸಿ ಮುಚ್ಚಿ ಆರಿಸಿರಬೇಕು, ಇಲ್ಲದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ 7ರ ಮೇಲಿನ ಎಲ್ಲ ಅಂಕಿಗಳನ್ನೂ ಕೆಳಗೆಳೆಯುತ್ತದೆ. ಪ್ರತಿಯೊಂದಕ್ಕೂ 0.2 ಗ್ರಾಂ ಮಾದರಿ ಹಾಕಿ 24 ಗಂಟೆ ಅಲುಗಾಡಿಸಿ, ಕೊನೆಯ ಪಿಎಚ್ ನೋಡಿ. ವ್ಯತ್ಯಾಸ ಸೊನ್ನೆಯಾಗುವ ಬಿಂದು ನಿಮಗೆ ಬೇಕಾದದ್ದು. ಇದನ್ನೇ 0.1 ಮೋಲಾರ್‌ನಲ್ಲಿ ಮತ್ತೆ ಮಾಡಿ. ಎರಡರಲ್ಲೂ ಬಿಂದು ಒಂದೇ ಕಡೆ ಬಂದರೆ ನಂಬಬಹುದು. ಶುದ್ಧ ಗೋಥೈಟ್‌ಗೆ 7.5ರಿಂದ 9.5ರ ನಡುವೆ, ಕೆಯೊಲಿನೈಟ್‌ಗೆ 4-5ರ ಸುತ್ತ, ಸ್ಫಟಿಕಶಿಲೆಗೆ 2-3ರ ಸುತ್ತ ಬರುತ್ತದೆ.

ಈ ಭಾಗದ ಮಾದರಿಗಳಲ್ಲಿ ಮೋಸ ಮಾಡುವುದು ಕ್ಯಾಲ್ಸೈಟ್. ಎರೆಮಣ್ಣಿನಲ್ಲಿ, ಕೆಲವೊಮ್ಮೆ ಲ್ಯಾಟರೈಟಿನ ಬಿರುಕಿನಲ್ಲೂ, ಅದು ಸೇರಿಕೊಂಡಿರುತ್ತದೆ. ಗಾಳಿಗೆ ತೆರೆದ ನೀರಿನಲ್ಲಿ ಕ್ಯಾಲ್ಸೈಟ್ ಪಿಎಚ್ ಅನ್ನು 8.3ರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಆಗ ನಕ್ಷೆಯಲ್ಲಿ 8.3ಕ್ಕೆ ಚಂದದ ಅಡ್ಡಗೆರೆ ಬರುತ್ತದೆ, ಅದನ್ನೇ ಶೂನ್ಯ ಆವೇಶದ ಬಿಂದು ಎಂದು ಬರೆದುಬಿಡುತ್ತಾರೆ. ಅದು ಕರಗುವಿಕೆಯ ಸಮತೋಲನ, ಮೇಲ್ಮೈಯ ಗುಣವಲ್ಲ. ಮೊದಲೇ ಚಿಟಿಕೆ ಮಾದರಿಗೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೊರೆ ಬರುತ್ತದೆಯೇ ನೋಡಿ. ಬಂದರೆ ಈ ವಿಧಾನ ಬಿಡಿ. ಸ್ಮೆಕ್ಟೈಟ್ ತುಂಬಿದ ಮಣ್ಣಿಗೂ ಇದು ಹೊಂದದು. ಅದಕ್ಕೆ ಕ್ಯಾಟಯಾನ್ ವಿನಿಮಯ ಸಾಮರ್ಥ್ಯ ಅಳೆಯಿರಿ.

ಫ್ಲೋರೈಡ್ ಪ್ರಯೋಗ, ತಪ್ಪುವ ಜಾಗಗಳ ಸಮೇತ

ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ಅನ್ನು 1 ಲೀಟರಿಗೆ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ ಫ್ಲೋರೈಡಿನ ಮೂಲ ದ್ರಾವಣ ಸಿದ್ಧ. ಪ್ಲಾಸ್ಟಿಕ್‌ನಲ್ಲೇ ಇಡಿ. 50 ಮಿ.ಲೀ. ಪಾಲಿಪ್ರೊಪಿಲೀನ್ ಟ್ಯೂಬ್‌ಗೆ 0.2 ಗ್ರಾಂ ಮಣ್ಣು, 0.01 ಮೋಲಾರ್ ಸೋಡಿಯಂ ಕ್ಲೋರೈಡ್ ಇರುವ 40 ಮಿ.ಲೀ. ದ್ರಾವಣ, ಫ್ಲೋರೈಡ್ ಲೀಟರಿಗೆ 1, 2, 5, 10, 20 ಮಿ.ಗ್ರಾಂ. ಪ್ರತಿಯೊಂದೂ ಮೂರು ಸಲ. ಜೊತೆಗೆ ಮಣ್ಣಿಲ್ಲದ ಫ್ಲೋರೈಡ್ ಟ್ಯೂಬ್‌ಗಳು, ಫ್ಲೋರೈಡ್ ಇಲ್ಲದ ಮಣ್ಣಿನ ಟ್ಯೂಬ್‌ಗಳು. ಈ ಖಾಲಿ ಟ್ಯೂಬ್‌ಗಳನ್ನು ಬಿಟ್ಟ ಪ್ರಯೋಗವನ್ನು ಅನುಭವವುಳ್ಳ ಗೈಡ್ ಮೊದಲ ನೋಟಕ್ಕೇ ತಳ್ಳಿಹಾಕುತ್ತಾರೆ.

ಪಿಎಚ್ 7.0ಕ್ಕೆ ಹೊಂದಿಸಿ ಶೇಕರ್‌ಗೆ ಹಾಕಿ ಹೊರಟುಬಿಟ್ಟರೆ ಆಗದು. ಫ್ಲೋರೈಡ್ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪನ್ನು ಹೊರದಬ್ಬಿ ಅದರ ಜಾಗದಲ್ಲಿ ಕೂರುವುದರಿಂದ ದ್ರಾವಣದ ಪಿಎಚ್ ಏರುತ್ತಾ ಹೋಗುತ್ತದೆ. 2ನೇ ಮತ್ತು 6ನೇ ಗಂಟೆಗೆ ಮತ್ತೆ 7.0ಕ್ಕೆ ತನ್ನಿ, ಎಷ್ಟು ಆಮ್ಲ ಬೇಕಾಯಿತೆಂದು ಬರೆದಿಡಿ. ಆ ಅಂಕಿಯೇ ಒಳ್ಳೆಯ ಸುಳಿವು: ಎಷ್ಟು ಫ್ಲೋರೈಡ್ ಅಂಟಿತು, ಎಷ್ಟು ಹೈಡ್ರಾಕ್ಸೈಡ್ ಹೊರಬಂತು ಎಂಬ ಅನುಪಾತ ಅದರಿಂದ ಸಿಗುತ್ತದೆ. 24 ಗಂಟೆಯ ನಂತರ ಸೆಂಟ್ರಿಫ್ಯೂಜ್ ಮಾಡಿ, 0.45 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಮೊದಲ 5 ಮಿ.ಲೀ. ಚೆಲ್ಲಿ. ಕಲಬುರಗಿಯ ಏಪ್ರಿಲ್-ಮೇನಲ್ಲಿ ಕೋಣೆಯ ಉಷ್ಣತೆಯನ್ನು ನೆಚ್ಚಬೇಡಿ. ಉಷ್ಣತೆ ಕಾಯುವ ಶೇಕರ್ ಇಲ್ಲದಿದ್ದರೆ ಈ ಸರಣಿಯನ್ನು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸಿ.

ಎಲೆಕ್ಟ್ರೋಡ್ ಅಳತೆಗೆ 10 ಮಿ.ಲೀ. ದ್ರಾವಣಕ್ಕೆ 10 ಮಿ.ಲೀ. ಅಯಾನಿಕ ಬಲ ಹೊಂದಿಸುವ ಬಫರ್ ಸೇರಿಸಿ. ಆ ಬಫರ್‌ನಲ್ಲಿ ಸಿಡಿಟಿಎ ಇರಲೇಬೇಕು; ಅದು ಅಲ್ಯುಮಿನಿಯಂ ಅನ್ನು ತಾನು ಹಿಡಿದು ಫ್ಲೋರೈಡನ್ನು ಬಿಡಿಸುವ ರಾಸಾಯನಿಕ. ಲ್ಯಾಟರೈಟ್ ಕರಗಿ ಬಿಡುವ ಅಲ್ಯುಮಿನಿಯಂ ಫ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಲೆಕ್ಟ್ರೋಡ್‌ಗೆ ಕಾಣುವುದು ಬಿಡಿ ಫ್ಲೋರೈಡ್ ಮಾತ್ರ. ಸಿಡಿಟಿಎ ಇಲ್ಲದೆ ಅಳೆದರೆ ಫ್ಲೋರೈಡ್ ಕಡಿಮೆ ಎಂದು ತೋರಿಸುತ್ತದೆ, ಅದು ಮಣ್ಣಿಗೆ ಅಂಟಿತೆಂದು ನೀವು ಬರೆಯುತ್ತೀರಿ, ನಿಜಕ್ಕೆ ಅದು ನೀರಿನಲ್ಲೇ ಇರುತ್ತದೆ. ಕುಡಿಯುವ ನೀರಿನ ವಿಷಯದಲ್ಲಿ ಇದು ಅಪಾಯದ ತಪ್ಪು, ಆ ಅಲ್ಯುಮಿನಿಯಂ ಕೂಡ ನೀರಿಗೆ ಇಳಿದಿರುತ್ತದಲ್ಲ. ಹಾಗಾಗಿ ಸೋಸಿದ ನೀರಿನ ಅಲ್ಯುಮಿನಿಯಂ ಮತ್ತು ಕಬ್ಬಿಣವನ್ನೂ ಅಳೆಯಿಸಿ. ಪ್ರಮಾಣಿತ ದ್ರಾವಣಗಳನ್ನು ಮಾದರಿಯ ಉಷ್ಣತೆಯಲ್ಲೇ ಇಟ್ಟು ಅಳೆಯಿರಿ. ಸಾಂದ್ರತೆ ಹತ್ತು ಪಟ್ಟಾದಾಗ ಅಳತೆ 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್ ಹತ್ತಿರ ಬದಲಾಗಬೇಕು. 54ಕ್ಕಿಂತ ಕೆಳಗೆ ಬಂದರೆ ಎಲೆಕ್ಟ್ರೋಡಿನ ಹರಳು ಕೊಳೆಯಾಗಿದೆ, ಇಲ್ಲವೇ ಒಳಗಿನ ದ್ರಾವಣ ಹಳತಾಗಿದೆ.

ಇನ್ನೊಂದು ಗುಂಡಿ ಇದೆ. ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅದು ಮೇಲ್ಮೈಗೆ ಅಂಟುವ ಬದಲು ಫ್ಲೋರೈಟ್ ಆಗಿ ಹರಳುಗಟ್ಟಬಹುದು. ಲೀಟರಿಗೆ 10 ಮಿ.ಗ್ರಾಂ ಫ್ಲೋರೈಡ್ ಇರುವಲ್ಲಿ ಕ್ಯಾಲ್ಸಿಯಂ ಕೆಲವೇ ಮಿ.ಗ್ರಾಂ ಇದ್ದರೂ ನೀರು ಫ್ಲೋರೈಟ್‌ನ ಪರ್ಯಾಪ್ತ ಮಿತಿ ಮುಟ್ಟುತ್ತದೆ. ಸುಣ್ಣ ಬೆರೆತ ಮಣ್ಣಿಗೆ ಲೀಟರಿಗೆ 50 ಮಿ.ಗ್ರಾಂ ಹಾಕಿ "ಭಾರೀ ಸಾಮರ್ಥ್ಯ" ಕಂಡೆವು ಎನ್ನುವವರು ಕಂಡದ್ದು ಬಹುಪಾಲು ಇದನ್ನೇ. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ ಉಚಿತವಾಗಿ ಕೊಡುವ, ನೀರಿನ ರಸಾಯನ ಲೆಕ್ಕ ಹಾಕುವ ಫ್ರೀಕ್‌ಸಿ (PHREEQC) ತಂತ್ರಾಂಶದಲ್ಲಿ ನಿಮ್ಮ ನೀರಿನ ಅಂಕಿಗಳನ್ನು ಹಾಕಿ, ಫ್ಲೋರೈಟ್‌ನ ಪರ್ಯಾಪ್ತ ಸೂಚ್ಯಂಕ ಸೊನ್ನೆ ದಾಟಿದ ಬಿಂದುಗಳನ್ನು ಐಸೋಥರ್ಮ್‌ನಿಂದ, ಅಂದರೆ ನೀರಿನಲ್ಲಿ ಉಳಿದದ್ದಕ್ಕೆ ಎದುರಾಗಿ ಅಂಟಿದ್ದೆಷ್ಟು ಎಂದು ತೋರಿಸುವ ನಕ್ಷೆಯಿಂದ, ತೆಗೆದುಹಾಕಿ.

ವಿಶ್ಲೇಷಣೆಯಲ್ಲಿ ಎರಡು ಮಾತು. ಅಂಟುವ ವೇಗದ ಅಂಕಿಗಳ ಬಗ್ಗೆ "ಹುಸಿ ದ್ವಿತೀಯ ದರ್ಜೆ ಸಮೀಕರಣಕ್ಕೆ ಹೊಂದಿತು, ಹಾಗಾಗಿ ರಾಸಾಯನಿಕ ಬಂಧ" ಎಂಬ ವಾಕ್ಯ ಬರೆಯಬೇಡಿ. ಆ ಸಮೀಕರಣ ಹೆಚ್ಚುಕಡಿಮೆ ಎಲ್ಲ ಅಂಕಿಗಳಿಗೂ ಹೊಂದುತ್ತದೆ, ಬಂಧದ ಬಗ್ಗೆ ಏನೂ ಹೇಳುವುದಿಲ್ಲ. ಐಸೋಥರ್ಮ್‌ಗೆ ಹೊಂದಿಸುವ ಲ್ಯಾಂಗ್‌ಮ್ಯೂರ್ ಸಮೀಕರಣವನ್ನು ನೇರ ಗೆರೆಯಾಗಿ ತಿರುಚದೆ ಮೂಲ ರೂಪದಲ್ಲೇ ಹೊಂದಿಸಿ. ಫಲಿತಾಂಶವನ್ನು ಗ್ರಾಮಿಗೆ ಮಿ.ಗ್ರಾಂ ಮಾತ್ರವಲ್ಲ, ಚದರ ಮೀಟರಿಗೆ ಮೈಕ್ರೋಮೋಲ್ ಎಂದೂ ಕೊಡಿ. ಆಗ ನಿಮ್ಮ ಮಣ್ಣನ್ನು ಗೋಥೈಟಿನ ಪಕ್ಕ ನಿಲ್ಲಿಸಬಹುದು.

ದೊಡ್ಡ ಉಪಕರಣಗಳು ಎಲ್ಲಿ, ಹೇಗೆ

ಬೆಂಗಳೂರಿಗಿಂತ ಹೈದರಾಬಾದ್ ನಮಗೆ ಹತ್ತಿರ: ಬೀದರ್‌ನಿಂದ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 220. ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ), ಐಐಸಿಟಿ (ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ), ಹೈದರಾಬಾದ್ ವಿಶ್ವವಿದ್ಯಾಲಯ, ರಾಷ್ಟ್ರೀಯ ಸಿಮೆಂಟ್ ಮಂಡಳಿಯ ಘಟಕ, ಪರಮಾಣು ಖನಿಜ ನಿರ್ದೇಶನಾಲಯದ ಮುಖ್ಯ ಕಚೇರಿ ಎಲ್ಲವೂ ಅಲ್ಲಿವೆ. ಶುಲ್ಕ ಕಟ್ಟಿ ಮಾದರಿ ಕಳಿಸಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಐಐಟಿ ಬಾಂಬೆ, ಐಐಟಿ ಮದ್ರಾಸ್‌ಗಳಲ್ಲಿ ಸೈಫ್, ಅಂದರೆ ದೊಡ್ಡ ವಿಶ್ಲೇಷಣಾ ಉಪಕರಣಗಳನ್ನು ಹೊರಗಿನವರಿಗೂ ಒದಗಿಸುವ ಕೇಂದ್ರಗಳಿವೆ. ದೇಶದ ಯಾವ ಲ್ಯಾಬಿನಲ್ಲಿ ಯಾವ ಯಂತ್ರ ಹೊರಗಿನವರಿಗೆ ತೆರೆದಿದೆ ಎಂಬುದನ್ನು ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ, ಅಲ್ಲೇ ಸಮಯ ಕಾಯ್ದಿರಿಸಬಹುದು.

ಕಳಿಸುವ ಮುನ್ನ ಏನು ಬೇಕೆಂದು ಫಾರ್ಮ್‌ನಲ್ಲಿ ಬರೆಯಿರಿ. ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಎಕ್ಸ್‌ಆರ್‌ಡಿಗೆ 1-2 ಗ್ರಾಂ ಪುಡಿ. ಜೇಡಿ ಇದ್ದರೆ ಗಾಜಿನ ಮೇಲೆ ಒಣಗಿಸಿದ ತೆಳು ಪದರವನ್ನೂ ಓಡಿಸಬೇಕೆಂದು ಕೇಳಿ, ಒಮ್ಮೆ ಹಾಗೇ, ಒಮ್ಮೆ ಎಥಿಲೀನ್ ಗ್ಲೈಕಾಲ್ ಹಾಯಿಸಿ. ನೈಟ್ರೋಜನ್ ಅನಿಲ ಹಾಯಿಸಿ ಅಳೆಯುವ ಬಿಇಟಿ ಮೇಲ್ಮೈ ವಿಸ್ತೀರ್ಣಕ್ಕೆ ಅನಿಲ ತೆಗೆಯುವ ಉಷ್ಣತೆ 100 ಡಿಗ್ರಿ ಮೀರಬಾರದೆಂದು ದಪ್ಪಕ್ಷರದಲ್ಲಿ ಬರೆಯಿರಿ. ಕೆಲವು ಕಡೆ ಎಲ್ಲ ಮಾದರಿಗೂ 200-300 ಡಿಗ್ರಿಯೇ ರೂಢಿ. ಆ ಬಿಸಿಗೆ ಗೋಥೈಟ್ ನೀರು ಕಳೆದುಕೊಂಡು ಹೆಮಟೈಟ್ ಆಗತೊಡಗುತ್ತದೆ, ಗಿಬ್ಸೈಟೂ ಒಡೆಯುತ್ತದೆ; ನಿಮಗೆ ಬರುವುದು ಬೇರೆ ಯಾವುದೋ ವಸ್ತುವಿನ ವಿಸ್ತೀರ್ಣ. ಸ್ಮೆಕ್ಟೈಟ್‌ನ ಪದರಗಳ ನಡುವೆ ನೈಟ್ರೋಜನ್ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಎರೆಮಣ್ಣಿಗೆ ಬಿಇಟಿ ತೋರಿಸುವುದು ಹೊರಮೈ ಮಾತ್ರ.

ತೀವ್ರ ಎಕ್ಸ್-ಕಿರಣ ಕೊಡುವ ಯಂತ್ರವಾದ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್ ವಿಶ್ವವಿದ್ಯಾಲಯದವರಿಗೂ ತೆರೆದಿದೆ. ಪರಮಾಣುವಿನ ಸುತ್ತಲಿನ ರಚನೆ ಅಳೆಯುವ ಎಕ್ಸಾಫ್ಸ್ ಅಲ್ಲಿ ಲಭ್ಯ, ಯುಜಿಸಿ-ಡಿಎಇ ಒಕ್ಕೂಟದ ಮೂಲಕ ಸಹಯೋಗ ಯೋಜನೆಗೂ ಅರ್ಜಿ ಹಾಕಬಹುದು. ಆದರೆ ಫ್ಲೋರೈಡ್‌ಗೆಂದು ಎಕ್ಸಾಫ್ಸ್ ಅರ್ಜಿ ಹಾಕಬೇಡಿ. ಫ್ಲೋರಿನ್‌ನ ಹೀರಿಕೆ ಅಂಚು 0.7 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಕಠಿಣ ಎಕ್ಸ್-ಕಿರಣದ ಬೀಮ್‌ಲೈನ್‌ಗೆ ಅದು ನಿಲುಕದು. ಸತು 9.66, ಆರ್ಸೆನಿಕ್ 11.87, ಇವೆರಡೂ ಹೊಂದುತ್ತವೆ. ಸಿಂಕ್ರೊಟ್ರಾನ್ ಕೆಲಸ ಮಾಡುವ ಆಸೆ ಇದ್ದರೆ ಪ್ರಶ್ನೆ ಆರಿಸುವಾಗಲೇ ಇದನ್ನು ಗಮನಿಸಿ. ಆರ್ಸೆನಿಕ್ ಅಂಟಿಸಿದ ಲ್ಯಾಟರೈಟನ್ನು ಒಣಗಿಸದೆ ಒದ್ದೆ ಮುದ್ದೆಯಾಗಿಯೇ ಒಯ್ಯಿರಿ. ಮಣ್ಣಿನ ಕಬ್ಬಿಣವೇ ಡಿಟೆಕ್ಟರನ್ನು ತುಂಬಿಬಿಡುತ್ತದೆ; ನಡುವೆ ಅಲ್ಯುಮಿನಿಯಂ ಹಾಳೆ ಇಟ್ಟರೆ ಕಬ್ಬಿಣ ಹೊರಸೂಸುವ 6.4ರ ಕಿರಣ ಬಹಳ ತಗ್ಗುತ್ತದೆ, ಆರ್ಸೆನಿಕ್ ಹೊರಸೂಸುವ 10.5ರದ್ದು ಸ್ವಲ್ಪವೇ ತಗ್ಗುತ್ತದೆ. ಅರ್ಜಿಯಲ್ಲಿ ಈ ಒಂದು ಸಾಲು ಇದ್ದರೆ ಓದುವವರಿಗೆ ನೀವು ತಯಾರಾಗಿ ಬಂದಿದ್ದೀರಿ ಎಂದು ಗೊತ್ತಾಗುತ್ತದೆ. ಜರ್ಮನಿಯ ಪೆಟ್ರಾ-3, ಜಪಾನಿನ ಫೋಟಾನ್ ಫ್ಯಾಕ್ಟರಿ, ಇಟಲಿಯ ಎಲೆಟ್ರಾಗಳಲ್ಲೂ ಭಾರತೀಯರಿಗೆ ಅವಕಾಶ ಕೊಡುವ ಸರ್ಕಾರಿ ಯೋಜನೆಗಳಿವೆ. ಇಂಡಸ್-2ರಲ್ಲಿ ಒಮ್ಮೆ ಕೆಲಸ ಮಾಡಿ ಅಂಕಿ ಪಡೆದ ಮೇಲೆ ಅತ್ತ ನೋಡಿ.

ಲ್ಯಾಬ್ ಸೌಕರ್ಯ ತೀರಾ ಕಡಿಮೆ ಇದ್ದವರಿಗೆ ಲೆಕ್ಕದ ದಾರಿ ಇದೆ. ಅಯಾನು ಮೇಲ್ಮೈ ತಾಣಕ್ಕೆ ಅಂಟುವುದನ್ನು ಸಮೀಕರಣಗಳಲ್ಲಿ ಲೆಕ್ಕ ಹಾಕಲು ಫ್ರೀಕ್‌ಸಿ ಸಾಕು, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಅದರ ಡೇಟಾಬೇಸ್‌ನಲ್ಲಿರುವ ಸ್ಥಿರಾಂಕಗಳು ಫೆರಿಹೈಡ್ರೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡಿಗೆ ಸೇರಿದವು, ಗ್ರಾಮಿಗೆ 600 ಚದರ ಮೀಟರ್ ಎಂಬ ಲೆಕ್ಕದ ಮೇಲೆ. ಬೀದರ್ ಲ್ಯಾಟರೈಟ್‌ಗೆ ಅವನ್ನು ಹಾಗೇ ಹಾಕಿದರೆ ಅಳತೆಗೆ ತಾಳೆಯಾಗದು. ಗೋಥೈಟ್, ಗಿಬ್ಸೈಟ್‌ಗಳಿಗೆ ಬೇರೆ ಸ್ಥಿರಾಂಕ ಹುಡುಕಿ ಸೇರಿಸಬೇಕು. ಪರಮಾಣು ಮಟ್ಟದ ಲೆಕ್ಕಕ್ಕೆ ಕ್ವಾಂಟಮ್ ಎಸ್ಪ್ರೆಸೊ, ಜೇಡಿಯ ಚಲನೆಗೆ ಲ್ಯಾಂಪ್ಸ್, ಎರಡೂ ಉಚಿತ.

ಹಣ ಮತ್ತು ಹುದ್ದೆ

ಎಂ.ಎಸ್ಸಿ. ಓದುತ್ತಿರುವವರು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಲಿ; ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೆಲಸ. ಕಾಲೇಜು ಅಧ್ಯಾಪಕರಿಗೂ ಇದು ತೆರೆದಿದೆ.

ಪಿಎಚ್‌.ಡಿ.ಗೆ ಮುಖ್ಯ ಬಾಗಿಲು ಸಿಎಸ್‌ಐಆರ್-ಯುಜಿಸಿ ನೆಟ್. ರಸಾಯನದವರು ರಾಸಾಯನಿಕ ವಿಜ್ಞಾನದಲ್ಲಿ, ಭೂವಿಜ್ಞಾನದವರು ಭೂವಿಜ್ಞಾನದ ಪತ್ರಿಕೆಯಲ್ಲಿ ಬರೆಯಬೇಕು. ಪರಿಸರ ವಿಜ್ಞಾನ ಇರುವುದು ಯುಜಿಸಿ ನೆಟ್‌ನಲ್ಲಿ, ಇದನ್ನು ಗೊಂದಲ ಮಾಡಿಕೊಳ್ಳುವವರಿದ್ದಾರೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ., ಜೊತೆಗೆ ಮನೆ ಬಾಡಿಗೆ ಭತ್ಯೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಯೋಜನೆಗಳ ಅಡಿಯ ಪ್ರಾಜೆಕ್ಟ್ ಫೆಲೋ ಹುದ್ದೆಗೂ ನೆರವಾಗುತ್ತದೆ. ರಾಜ್ಯ ಸರ್ಕಾರದ ವಿಜ್ಞಾನ ಪ್ರೋತ್ಸಾಹಕ ಸಂಸ್ಥೆ ಕೆ-ಸ್ಟೆಪ್ಸ್ ಪಿಎಚ್‌.ಡಿ. ಫೆಲೋಶಿಪ್ ಕೊಡುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಿಗುವ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಕಡೆಯ ವಾರದಲ್ಲಿ ಓಡಾಡಿದರೆ ಕೈಗೆ ಸಿಗದು.

ಪಿಎಚ್‌.ಡಿ. ಆದವರಿಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ಇನ್‌ಸ್ಪೈರ್ ಫ್ಯಾಕಲ್ಟಿ ಐದು ವರ್ಷ, ತಿಂಗಳಿಗೆ 1,25,000 ರೂ., ಜೊತೆಗೆ ವರ್ಷಕ್ಕೆ 7 ಲಕ್ಷ ಸಂಶೋಧನಾ ಅನುದಾನ. ಕಾಯಂ ಹುದ್ದೆಗೆ ಹೊಸದಾಗಿ ಸೇರಿದ ಅಧ್ಯಾಪಕರಿಗೆ ಅದೇ ಪ್ರತಿಷ್ಠಾನದ ಪ್ರಧಾನಮಂತ್ರಿ ಆರಂಭಿಕ ಸಂಶೋಧನಾ ಅನುದಾನವಿದೆ: 42 ವರ್ಷದೊಳಗಿನವರಿಗೆ, ಮೂರು ವರ್ಷಕ್ಕೆ 60 ಲಕ್ಷ ರೂ. ತನಕ. ಅಷ್ಟು ದೊಡ್ಡ ಪ್ರಸ್ತಾವಕ್ಕೆ ಕೈ ಹಾಕುವ ಮುನ್ನ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಗುಂಪು, ಅಂದರೆ ವಿಜಿಎಸ್‌ಟಿ, ಯುವ ವಿಜ್ಞಾನಿಗಳಿಗೆ ಕರೆಯುವ ಆರಂಭಿಕ ಅನುದಾನ ನೋಡಿ. ಪಿಎಚ್ ಮೀಟರ್, ಶೇಕರ್, ಎಲೆಕ್ಟ್ರೋಡ್‌ನಂಥ ಪಟ್ಟಿಗೆ ಅದು ಹೇಳಿ ಮಾಡಿಸಿದಂತಿದೆ. ಗೋಗಿಯ ಯುರೇನಿಯಂ ಪ್ರಶ್ನೆಗೆ ಅಣುಶಕ್ತಿ ಇಲಾಖೆಯ ಸಂಶೋಧನಾ ಮಂಡಳಿ ಬಿಆರ್‌ಎನ್‌ಎಸ್. ವಿದೇಶಕ್ಕೆ ಹೋಗುವವರಿಗೆ ಪಿಎಚ್‌.ಡಿ. ಆಗಿ 4 ವರ್ಷದೊಳಗೆ ಹಂಬೋಲ್ಟ್, 8 ವರ್ಷದೊಳಗೆ ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್.

ಗೈಡ್‌ಗೆ ಬರೆಯುವ ಪತ್ರ

ಇಂಗ್ಲಿಷ್‌ನಲ್ಲಿ 200 ಪದ ಮೀರದಂತೆ ಬರೆಯಿರಿ. "ನಿಮ್ಮ ಘನ ಸಂಶೋಧನೆಯಿಂದ ಪ್ರಭಾವಿತನಾಗಿ" ಎಂದು ಶುರುವಾಗುವ ಪತ್ರ ಪ್ರಾಧ್ಯಾಪಕರಿಗೆ ದಿನಕ್ಕೆ ಹತ್ತು ಬರುತ್ತವೆ. ಬದಲಿಗೆ ಮೊದಲ ಸಾಲಲ್ಲೇ ವಿಷಯಕ್ಕೆ ಬನ್ನಿ: ಬೀದರ್‌ನ ಲ್ಯಾಟರೈಟ್ ಮೇಲೆ ಪಿಎಚ್ 7ರಲ್ಲಿ ಫ್ಲೋರೈಡ್ ಅಳೆದಿದ್ದೇನೆ, ಬೈಕಾರ್ಬೊನೇಟ್ ಸೇರಿಸಿದಾಗ ಅಂಟುವಿಕೆ ಇಷ್ಟು ಇಳಿಯಿತು, ಅದು ಗಿಬ್ಸೈಟಿನಿಂದಲೋ ಗೋಥೈಟಿನಿಂದಲೋ ಎಂದು ಬೇರ್ಪಡಿಸಲು ನಿಮ್ಮ ಇಂಥ ಉಪಕರಣ ಬೇಕು. ಎರಡನೇ ಪ್ಯಾರಾದಲ್ಲಿ ಅವರ ಒಂದು ಪ್ರಬಂಧದ ಯಾವ ಚಿತ್ರ ಅಥವಾ ಕೋಷ್ಟಕ ನಿಮ್ಮ ಪ್ರಶ್ನೆಗೆ ತಾಗುತ್ತದೆಂದು ಹೇಳಿ. ಮೂರನೆಯದರಲ್ಲಿ ನೆಟ್ ಅಥವಾ ಗೇಟ್ ಸ್ಥಿತಿ, ಯಾವಾಗಿಂದ ಬರಬಲ್ಲಿರಿ. ಲಗತ್ತು ಎರಡೇ: ಎರಡು ಪುಟದ ಪರಿಚಯ, ಒಂದು ಪುಟದ ನಕ್ಷೆ. ನಕ್ಷೆಯಲ್ಲಿ ದೋಷ ಪಟ್ಟಿಗಳಿರಲಿ, ಖಾಲಿ ಟ್ಯೂಬ್‌ಗಳ ಅಂಕಿಯೂ ಕಾಣಲಿ. ಒಂದೇ ಪತ್ರವನ್ನು ಇಪ್ಪತ್ತು ಮಂದಿಗೆ ಒಟ್ಟಿಗೆ ಹಾಕಬೇಡಿ, ಮೇಲ್ ನೋಡಿದ ಕೂಡಲೇ ಅದು ತಿಳಿದುಬಿಡುತ್ತದೆ.

ಎರಡು ವಾರ ಕಾದು ಒಮ್ಮೆ ನೆನಪಿಸಿ. ಮಾದರಿ ಕಳಿಸಿ ಎಂದು ಉತ್ತರ ಬಂದರೆ 5 ಗ್ರಾಂ ಅನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಮೇಲೆ ಮಾದರಿಯ ಸಂಖ್ಯೆ, ಜಾಗ, ಆಳ, ಜರಡಿಯ ಅಳತೆ, ಒಣಗಿಸಿದ ಉಷ್ಣತೆ ಇವಿಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದು ಟೇಪ್ ಹಚ್ಚಿ, ಏಕೆಂದರೆ ಪೆನ್ನಿನ ಶಾಯಿ ಲ್ಯಾಬಿನ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ. ಅದೇ ಡಬ್ಬಿಯಿಂದ ತೆಗೆದ ಇನ್ನೊಂದು 5 ಗ್ರಾಂ ನಿಮ್ಮ ಕಡೆ, ಅದೇ ಸಂಖ್ಯೆಯಡಿ, ತೆರೆಯದೆ ಇರಲಿ.